ಮರಳಿ ಬಾರದ ಬಾಟಲಿ

ಶ್ರಾವಕನ ಮನೆಯಲ್ಲಿ ನೀರು ಸೋಸುವುದು ಕೇವಲ ಶುಚಿತ್ವದ ಕ್ರಮವಲ್ಲ. ಹದಿಮೂರನೆಯ ಶತಮಾನದ ಪಂಡಿತ ಆಶಾಧರನು ‘ಸಾಗಾರಧರ್ಮಾಮೃತ’ದಲ್ಲಿ ಅಷ್ಟ ಮೂಲಗುಣಗಳ ಬೇರೆ ಬೇರೆ ಗಣನೆಗಳನ್ನು ಹೇಳುವಾಗ, ಒಂದು ಗಣನೆಯಲ್ಲಿ ಮದ್ಯ, ಮಾಂಸ, ಮಧುಗಳ ತ್ಯಾಗದ ಸಾಲಿನಲ್ಲಿಯೇ ಜಲಗಾಲನವನ್ನೂ ಸೇರಿಸಿದ್ದಾನೆ. ದಪ್ಪ ನೇಯ್ಗೆಯ ಬಟ್ಟೆಯನ್ನು ಎರಡು ಪದರ ಮಾಡಿ ನೀರನ್ನು ಸೋಸಬೇಕು. ಸೋಸಿದ ನೀರು ಎರಡು ಗಳಿಗೆ, ಎಂದರೆ 48 ನಿಮಿಷ ಮಾತ್ರ ಬಳಕೆಗೆ ಯೋಗ್ಯ. ಆಮೇಲೆ ಮತ್ತೆ ಸೋಸಬೇಕು. ಈ ಎರಡು ನಿಯಮಗಳು ಬಹುತೇಕ ಎಲ್ಲ ಜೈನ ಮನೆತನಗಳಿಗೂ ತಿಳಿದವೇ. ಮೂರನೆಯ ನಿಯಮವೊಂದುಂಟು, ಮನೆಮನೆಗೆ ನಲ್ಲಿ ಬಂದ ಮೇಲೆ ಅದು ಹೆಚ್ಚುಕಡಿಮೆ ಮರೆತೇಹೋಗಿದೆ. ಬಟ್ಟೆಯ ಮೇಲೆ ಉಳಿದ ಸೂಕ್ಷ್ಮ ತ್ರಸಜೀವಗಳನ್ನು ಸೋಸಿದ ನೀರಿನಿಂದಲೇ ಮೆಲ್ಲಗೆ ತೊಳೆದು, ಯಾವ ಬಾವಿಯಿಂದ ಸೇದಲಾಗಿತ್ತೋ ಅದೇ ಬಾವಿಗೆ ಮರಳಿಸಬೇಕು. ಅದೂ ಮೇಲಿನಿಂದ ಎರಚಿ ಅಲ್ಲ. ಪಾತ್ರೆಯನ್ನು ನೀರಿನ ಮಟ್ಟದವರೆಗೂ ಇಳಿಸಿ ಬಿಡಬೇಕು. ಬೇರೆ ಬಾವಿಗೆ ಬಿಟ್ಟರೆ ಅಲ್ಲಿಯ ನೀರು ಒಗ್ಗದೆ ಆ ಜೀವಗಳು ಸಾಯಬಹುದು ಎಂಬ ಎಚ್ಚರ ಇದರ ಹಿಂದೆ ಇದೆ.

ಕುಡಿಯುವ ಕ್ರಿಯೆ ಕುಡಿದಾಗ ಮುಗಿಯುವುದಿಲ್ಲ, ಉಳಿದದ್ದನ್ನು ಅದರ ಸ್ಥಾನಕ್ಕೆ ಸೇರಿಸಿದಾಗಲೇ ಮುಗಿಯುತ್ತದೆ ಎಂದು ಭಾವಿಸಿದ ಈ ಕ್ರಮದ ಪಕ್ಕದಲ್ಲಿ ಇಂದಿನ ಪ್ಲಾಸ್ಟಿಕ್ ನೀರಿನ ಬಾಟಲಿಯನ್ನು ಇಟ್ಟು ನೋಡಿದರೆ, ಅದರ ಚರಿತ್ರೆಯಲ್ಲಿ ಒಂದು ಪ್ರಶ್ನೆ ಮೇಲೆದ್ದು ಕಾಣುತ್ತದೆ. ಖಾಲಿಯಾದ ಪಾತ್ರೆ ಯಾರ ಬಳಿಗೆ ಹಿಂದಿರುಗಬೇಕು? ಈ ಪ್ರಶ್ನೆಗೆ ಒಂದು ಕಾಲದಲ್ಲಿ ಉತ್ತರವಿತ್ತು. ಆ ಉತ್ತರ ಕಳೆದುಹೋದದ್ದು ಆಕಸ್ಮಿಕವಾಗಿ ಅಲ್ಲ.

ಕನ್ನಡ ನಾಡಿನಲ್ಲಿ ದಾರಿಹೋಕರಿಗೆ ನೀರು ಕೊಡುವುದಕ್ಕೆ ಅರವಟ್ಟಿಗೆ ಇತ್ತು. ಅದರ ನಿರ್ವಹಣೆಗೆ ಭೂಮಿಯನ್ನೂ ಹಣವನ್ನೂ ಬಿಟ್ಟ ಉಲ್ಲೇಖಗಳು ಶಾಸನಗಳಲ್ಲಿ ದೊರೆಯುತ್ತವೆ. ಅಲ್ಲಿ ಮಣ್ಣಿನ ಗುಡಾಣ ಇರುತ್ತಿತ್ತು, ಕುಡಿಯುವವನ ಬೊಗಸೆ ಇರುತ್ತಿತ್ತು. ಹಿಂದೆ ಉಳಿಯುವ ವಸ್ತು ಏನೂ ಇರಲಿಲ್ಲ. ರೈಲು ಬಂದ ಮೇಲೆ ಪ್ರಯಾಣಕ್ಕೆ ತಿರುಗಣೆ ಮುಚ್ಚಳದ ಕೂಜ ಬಂತು. ಮಾರಾಟಕ್ಕೆಂದು ಶೀಸೆಯಲ್ಲಿ ಪಾನೀಯ ಬಂದಾಗಲೂ ಶೀಸೆಯನ್ನು ಯಾರೂ ಕೊಳ್ಳುತ್ತಿರಲಿಲ್ಲ. 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಎಂಬವನು ಗಾಜಿನ ಗೋಲಿಯಿಂದಲೇ ಬಾಯಿ ಮುಚ್ಚುವ ಬಾಟಲಿಗೆ ಹಕ್ಕುಪತ್ರ ಪಡೆದ. ನಮ್ಮ ಊರುಗಳ ಗೋಲಿಸೋಡಾ ಅದರದೇ ಸಂತತಿ. ಕುಡಿದವನು ಅಂಗಡಿಯ ಮುಂದೆಯೇ ನಿಂತು ಕುಡಿದು ಬಾಟಲಿಯನ್ನು ಮರದ ಪೆಟ್ಟಿಗೆಯೊಳಗೆ ಇಡಬೇಕು. ಕೊಟ್ಟ ಕಾಸು ಒಳಗಿನ ಪಾನೀಯಕ್ಕೆ ಮಾತ್ರ. ಪಾತ್ರೆ ಮಾರಿದವನದೇ ಆಗಿ ಉಳಿಯುತ್ತಿತ್ತು.

ಈ ಕ್ರಮ ಮೊದಲು ಮುರಿದದ್ದು ಅಮೆರಿಕೆಯಲ್ಲಿ. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿಯ ಪಾನೀಯ ತಯಾರಕರಿಗೆ, ಖಾಲಿ ಶೀಸೆಗಳನ್ನು ಒಟ್ಟುಮಾಡಿ, ಸಾಗಿಸಿ, ತೊಳೆದು ಮತ್ತೆ ತುಂಬುವ ವೆಚ್ಚ ಭಾರವೆನಿಸತೊಡಗಿತು. ಒಂದೇ ಸಲ ಬಳಸಿ ಎಸೆಯುವ ಬಾಟಲಿ ಮತ್ತು ಡಬ್ಬಿಗಳು ಬಂದರೆ ದೂರದ ಒಂದೇ ಕಾರ್ಖಾನೆಯಿಂದ ಇಡೀ ದೇಶಕ್ಕೆ ಮಾರಬಹುದಿತ್ತು. ರಸ್ತೆಯ ಬದಿ ಗಾಜಿನಿಂದ ತುಂಬಿತು. ವರ್ಮಾಂಟ್ ರಾಜ್ಯದ ರೈತರು, ಎಸೆದ ಬಾಟಲಿಗಳ ಚೂರು ಹುಲ್ಲಿನೊಂದಿಗೆ ದನಗಳ ಹೊಟ್ಟೆ ಸೇರುತ್ತಿದೆ ಎಂದು ದೂರಿದರು. 1953ರಲ್ಲಿ ಆ ರಾಜ್ಯ ಮರಳಿ ಕೊಡಲಾಗದ ಬಾಟಲಿಗಳಲ್ಲಿ ಬಿಯರ್ ಮಾರುವುದನ್ನು ನಿಷೇಧಿಸಿತು. ಬಾಟಲಿಯ ವಿಷಯದಲ್ಲಿ ಸರಕಾರವೊಂದು ಕೈಗೊಂಡ ತೀರ್ಮಾನಕ್ಕೆ ದನಗಳ ಪ್ರಾಣ ಒಂದು ಕಾರಣವಾಗಿತ್ತು ಎಂಬುದನ್ನು ಇಲ್ಲಿ ಗಮನಿಸಬಹುದು. ಆ ಕಾನೂನು ನಾಲ್ಕು ವರ್ಷ ಮಾತ್ರ ಬಾಳಿತು. 1957ರಲ್ಲಿ ಅದನ್ನು ಮುಂದುವರಿಸಲಿಲ್ಲ.

ಅದೇ 1953ರಲ್ಲಿ ‘ಕೀಪ್ ಅಮೆರಿಕ ಬ್ಯೂಟಿಫುಲ್’ ಎಂಬ ಸಂಸ್ಥೆ ಹುಟ್ಟಿತು. ಅದರ ಸ್ಥಾಪನೆಯಲ್ಲಿ ಡಬ್ಬಿ, ಬಾಟಲಿ ಮತ್ತು ಪಾನೀಯಗಳ ಉದ್ಯಮಗಳೇ ಮುಂದಾಗಿದ್ದವು. ಕಸ ಎಸೆಯುವವನೇ ದೋಷಿ ಎಂಬುದನ್ನು ಅದು ದಶಕಗಳ ಕಾಲ ಜಾಹೀರಾತುಗಳ ಮೂಲಕ ಜನಮನದಲ್ಲಿ ಊರಿಸಿತು. ಎಸೆಯುವುದು ತಪ್ಪೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎಸೆಯುವುದಕ್ಕೆಂದೇ ಮಾಡಿದ ವಸ್ತುವನ್ನು ಮಾಡಿದವನ ಪಾಲಿನ ಮಾತು ಅದರಿಂದ ಹಿಂದಕ್ಕೆ ಸರಿಯಿತು. ಕೃತ, ಕಾರಿತ, ಅನುಮೋದಿತ ಎಂದು ಕರ್ಮದ ಹೊಣೆಯನ್ನು ಮೂರು ಬಗೆಯಾಗಿ ವಿಂಗಡಿಸಿ ನೋಡುವ ಪರಂಪರೆಗೆ ಈ ಜಾಣತನ ತಟ್ಟನೆ ತಿಳಿಯಬೇಕು: ಇಲ್ಲಿ ಕೃತ ಮಾತ್ರ ಉಳಿದು ಕಾರಿತ ಮರೆಯಾಗಿತ್ತು. 1971ರಲ್ಲಿ ಒರೆಗಾನ್ ರಾಜ್ಯ ಈ ಹೊಣೆಯನ್ನು ಭಾಗಶಃ ತಿರುಗಿಸಿ, ಬಿಯರ್ ಮತ್ತು ಲಘುಪಾನೀಯಗಳ ಪ್ರತಿಯೊಂದು ಬಾಟಲಿಗೂ ಡಬ್ಬಿಗೂ ಐದು ಸೆಂಟ್ ಮುಂಗಡ ವಿಧಿಸಿತು. ಖಾಲಿ ಬಾಟಲಿ ತಂದವನಿಗೆ ಆ ಹಣ ಮರಳುತ್ತಿತ್ತು. ಆ ಪಟ್ಟಿಯಲ್ಲಿ ಕುಡಿಯುವ ನೀರು ಇರಲಿಲ್ಲ. ಸಾಮಾನ್ಯ ನೀರನ್ನು ಕೋಟಿಗಟ್ಟಲೆ ಬಾಟಲಿಗಳಲ್ಲಿ ಮಾರುವ ಕಾಲ ಬರುವುದೆಂದು ಆಗ ಯಾರೂ ಎಣಿಸಿರಲಿಲ್ಲ. ನೀರಿನ ಬಾಟಲಿ ಆ ಕಾನೂನಿನ ವ್ಯಾಪ್ತಿಗೆ ಬಂದದ್ದು 2009ರಲ್ಲಿ.

ಇಷ್ಟರಲ್ಲಿ ಬಾಟಲಿಯ ದ್ರವ್ಯವೇ ಬದಲಾಗಿತ್ತು. ಇಂದು ನೀರು ತುಂಬುವ ಪಾರದರ್ಶಕ ಪ್ಲಾಸ್ಟಿಕ್ಕಿನ ಹೆಸರು ಪಾಲಿಎಥಿಲೀನ್ ಟೆರೆಫ್ತಾಲೇಟ್, ಸಂಕ್ಷೇಪವಾಗಿ ಪೆಟ್. ಅದು ಹುಟ್ಟಿದ್ದು ಬಾಟಲಿಗಾಗಿ ಅಲ್ಲ, ಬಟ್ಟೆಗಾಗಿ. 1941ರಲ್ಲಿ ಇಂಗ್ಲೆಂಡಿನ ಕ್ಯಾಲಿಕೊ ಪ್ರಿಂಟರ್ಸ್ ಅಸೋಸಿಯೇಷನ್ ಎಂಬ ಬಟ್ಟೆ ಮುದ್ರಣಕಾರರ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಜಾನ್ ರೆಕ್ಸ್ ವಿನ್‌ಫೀಲ್ಡ್ ಮತ್ತು ಜೇಮ್ಸ್ ಟೆನಂಟ್ ಡಿಕ್ಸನ್ ಇದನ್ನು ಕಂಡುಹಿಡಿದರು. ಇಂಗ್ಲೆಂಡಿನಲ್ಲಿ ಟೆರಿಲೀನ್ ಎಂದೂ ಅಮೆರಿಕೆಯಲ್ಲಿ ಡೇಕ್ರಾನ್ ಎಂದೂ ಅದರ ನೂಲು ಪ್ರಸಿದ್ಧವಾಯಿತು. ಇಸ್ತ್ರಿ ಕೆಡದ ಟೆರಿಲೀನ್ ಅಂಗಿಯ ಬೆಡಗನ್ನು ನಮ್ಮ ಹಿರಿಯರು ಬಲ್ಲರು.

ಆ ನೂಲಿನ ದ್ರವ್ಯವನ್ನು ಬಾಟಲಿಯಾಗಿಸಿದವನು ಡ್ಯುಪಾಂಟ್ ಕಂಪನಿಯ ಎಂಜಿನಿಯರ್ ನಥಾನಿಯಲ್ ವೈಯತ್. ಈತ ಹೆಸರಾಂತ ಚಿತ್ರಕಾರರ ಮನೆತನದವನು. ಚಿತ್ರಕಾರ ಆಂಡ್ರೂ ವೈಯತ್ ಇವನ ತಮ್ಮ. ಸಾಬೂನಿನ ದ್ರಾವಣದ ಪ್ಲಾಸ್ಟಿಕ್ ಬಾಟಲಿಯಲ್ಲಿ ಗ್ಯಾಸು ತುಂಬಿದ ಪಾನೀಯವನ್ನು ಇಟ್ಟು ನೋಡಿದಾಗ ಅದು ಉಬ್ಬಿಹೋಯಿತಂತೆ. ಅಲ್ಲಿಂದ ಅವನ ಪ್ರಯೋಗಗಳು ಆರಂಭವಾದವು. ಪ್ಲಾಸ್ಟಿಕ್ಕನ್ನು ಉದ್ದಕ್ಕೂ ಅಡ್ಡಕ್ಕೂ ಏಕಕಾಲದಲ್ಲಿ ಹಿಗ್ಗಿಸಿದರೆ ಅದರ ಅಣುಸರಪಳಿಗಳು ಎರಡೂ ದಿಕ್ಕಿನಲ್ಲಿ ಸಾಲುಗೊಂಡು ತೆಳುವಾದ ಗೋಡೆಯೂ ಒತ್ತಡವನ್ನು ತಾಳುತ್ತದೆ ಎಂಬುದು ಅವನ ಉಪಾಯ. 1973ರಲ್ಲಿ ಅದಕ್ಕೆ ಹಕ್ಕುಪತ್ರ ದೊರೆಯಿತು. ಬಾಟಲಿ ಹಗುರವಾಯಿತು, ಬಿದ್ದರೆ ಒಡೆಯದಾಯಿತು; ಮರಳಿ ಕೇಳುವ ಅಗತ್ಯವಿಲ್ಲದಷ್ಟು ಅಗ್ಗವೂ ಆಯಿತು. 1988ರಲ್ಲಿ ಅಮೆರಿಕೆಯ ಪ್ಲಾಸ್ಟಿಕ್ ಉದ್ಯಮದ ಸಂಘವು ಬಾಟಲಿಗಳ ತಳದಲ್ಲಿ ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಮೂರು ಬಾಣಗಳ ತ್ರಿಕೋನವನ್ನೂ ಅದರೊಳಗೆ ಅಂಕಿಯನ್ನೂ ಅಚ್ಚೊತ್ತಿಸತೊಡಗಿತು. ಪೆಟ್‌ಗೆ ಒಂದನೆಯ ಅಂಕಿ. ಯಾವ ಬಗೆಯ ಪ್ಲಾಸ್ಟಿಕ್ ಎಂಬುದನ್ನು ತಿಳಿಸುವುದಷ್ಟೇ ಆ ಗುರುತಿನ ಕೆಲಸ. ಆದರೆ ಬಾಣಗಳ ವರ್ತುಲವನ್ನು ಕಂಡ ಜನ, ಈ ವಸ್ತು ಮರಳಿ ತನ್ನ ರೂಪಕ್ಕೇ ಬರುತ್ತದೆಂದು ನಂಬಿದರು. ಈ ಭ್ರಮೆಯನ್ನು ತಗ್ಗಿಸಲು 2013ರಲ್ಲಿ ಮಾನಕ ಸಂಸ್ಥೆಯು ಬಾಣಗಳನ್ನು ತೆಗೆದು ಬರಿಯ ತ್ರಿಕೋನವನ್ನು ಸೂಚಿಸಬೇಕಾಯಿತು.

ಭಾರತಕ್ಕೆ ಬಾಟಲಿ ನೀರು ಬಂದದ್ದು 1965ರಲ್ಲಿ, ಬಿಸ್ಲೇರಿ ಎಂಬ ಇಟಲಿಯ ಹೆಸರಿನೊಂದಿಗೆ, ಮುಂಬಯಿಯಲ್ಲಿ. ಆಗ ಅದು ಗಾಜಿನ ಶೀಸೆಯಲ್ಲಿ ದೊಡ್ಡ ಹೋಟೆಲುಗಳ ಮೇಜಿನ ಮೇಲೆ ಮಾತ್ರ ಇರುತ್ತಿತ್ತು. ನೀರನ್ನು ದುಡ್ಡು ಕೊಟ್ಟು ಕೊಳ್ಳುವುದೆಂದರೆ ಅಂದಿನ ಮಧ್ಯಮ ವರ್ಗಕ್ಕೆ ನಗೆಯ ವಿಷಯ. 1969ರಲ್ಲಿ ಪಾರ್ಲೆಯವರು ಅದನ್ನು ಕೊಂಡರು. ಪ್ಲಾಸ್ಟಿಕ್ ಬಾಟಲಿ ಬಂದ ಮೇಲೆ, ವಿಶೇಷವಾಗಿ 1990ರ ದಶಕದಲ್ಲಿ, ನಗೆ ನಿಂತಿತು. ನಲ್ಲಿಯ ನೀರಿನ ಮೇಲಿನ ನಂಬಿಕೆ ಕುಸಿಯುತ್ತಿದ್ದುದೂ, ಉದಾರೀಕರಣದ ಬಳಿಕ ಹೊಸ ಕಂಪನಿಗಳು ನುಗ್ಗಿದ್ದೂ ಒಟ್ಟಿಗೇ ನಡೆದವು. 2001ರ ಮಾರ್ಚಿನಿಂದ ಬಾಟಲಿ ನೀರಿಗೆ ಭಾರತೀಯ ಮಾನಕ ಬ್ಯೂರೋದ ಗುರುತನ್ನು ಕಡ್ಡಾಯಗೊಳಿಸಲಾಯಿತು. ಜನ ಇಂದಿಗೂ ಅದನ್ನು ಮಿನರಲ್ ವಾಟರ್ ಎಂದೇ ಕರೆದರೂ ಮಾರಾಟವಾಗುವ ಹೆಚ್ಚಿನ ಪಾಲು ಖನಿಜಜಲವಲ್ಲ. ಕೊಳವೆಬಾವಿಯ ನೀರನ್ನು ಯಂತ್ರದಲ್ಲಿ ಶೋಧಿಸಿ ತುಂಬಿದ್ದು. 2003ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ದೆಹಲಿ ಮತ್ತು ಮುಂಬಯಿ ಪ್ರದೇಶಗಳ ಬಾಟಲಿ ನೀರಿನಲ್ಲಿ ಕೀಟನಾಶಕಗಳ ಶೇಷವನ್ನು ತೋರಿಸಿಕೊಟ್ಟಾಗ ದೇಶವೇ ಬೆಚ್ಚಿತು, ಮಾನಕಗಳು ಬಿಗಿಯಾದವು. ಅದೇ ವರ್ಷ ರೈಲ್ವೆಯವರೇ ‘ರೈಲ್ ನೀರ್’ ಎಂಬ ಬಾಟಲಿಯನ್ನು ತಂದರು. ಕೂಜ ಅಟ್ಟ ಸೇರಿತು.

ಖಾಲಿಯಾದ ಬಾಟಲಿಯ ಮುಂದಿನ ಕಥೆಯನ್ನು ಬಲ್ಲವರು ಚಿಂದಿ ಆಯುವವರು. ಭಾರತದಲ್ಲಿ ಪೆಟ್ ಬಾಟಲಿ ಇತರ ಪ್ಲಾಸ್ಟಿಕ್ಕಿಗಿಂತ ಹೆಚ್ಚಾಗಿ ಸಂಗ್ರಹವಾಗುವುದಕ್ಕೆ ಸರಕಾರದ ವ್ಯವಸ್ಥೆಗಿಂತ ಇವರೇ ಕಾರಣ, ಕೆ.ಜಿ.ಗೆ ಇಷ್ಟೆಂದು ಗುಜರಿಯವನು ಕೊಡುವ ಹಣ ಇವರ ಅಂದಿನ ಅನ್ನ. 2017ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವು ದೇಶದ ಪೆಟ್‌ನಲ್ಲಿ ನೂರಕ್ಕೆ 90ರಷ್ಟು ಪುನರ್ಬಳಕೆಯಾಗುತ್ತದೆಂದು ಅಂದಾಜು ಮಾಡಿತು. ಇಡೀ ಜಗತ್ತಿನ ಎಲ್ಲ ಪ್ಲಾಸ್ಟಿಕ್ಕಿನ ಲೆಕ್ಕ ಬೇರೆ: ಗೈಯರ್, ಜಾಂಬೆಕ್ ಮತ್ತು ಲಾ ಎಂಬ ವಿಜ್ಞಾನಿಗಳು ಅದೇ 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2015ರವರೆಗೆ ಉತ್ಪತ್ತಿಯಾದ ಪ್ಲಾಸ್ಟಿಕ್ ಕಸ ಸುಮಾರು 630 ಕೋಟಿ ಟನ್, ಅದರಲ್ಲಿ ಪುನರ್ಬಳಕೆಯಾದದ್ದು ನೂರಕ್ಕೆ 9ರಷ್ಟು, ಸುಟ್ಟದ್ದು 12ರಷ್ಟು, ಉಳಿದ 79ರಷ್ಟು ಕಸದ ಗುಂಡಿಗಳಲ್ಲಿ ಅಥವಾ ಬಯಲು, ಹೊಳೆ, ಕಡಲುಗಳಲ್ಲಿ ಇದೆ. ಭಾರತದ ಪೆಟ್ ಬಾಟಲಿಯ ಅಂಕಿ ಇದರೆದುರು ಹೆಮ್ಮೆ ಪಡುವಂತಿದೆ. ಆದರೆ ಆ ಹೆಮ್ಮೆಯ ತಳದಲ್ಲಿ ಬರಿಗೈಯಿಂದ ಕಸ ಕೆದಕುವ ಹೆಂಗಸರೂ ಮಕ್ಕಳೂ ಇದ್ದಾರೆಂಬುದು ಅಂಕಿಯಲ್ಲಿ ಕಾಣುವುದಿಲ್ಲ. ಬೆಂಗಳೂರು ಮಹಾನಗರ ಪಾಲಿಕೆಯು ಇಂಥವರಿಗೆ ಗುರುತಿನ ಚೀಟಿ ಕೊಟ್ಟದ್ದು 2011ರಲ್ಲಿ.

ಪುನರ್ಬಳಕೆ ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಗುಜರಿಯಿಂದ ಬಂದ ಬಾಟಲಿಗಳನ್ನು ಒತ್ತಿ ಮೂಟೆ ಕಟ್ಟುತ್ತಾರೆ. ಕಾರ್ಖಾನೆಯಲ್ಲಿ ಚೂರು ಮಾಡಿ, ಕಾಸ್ಟಿಕ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆಯುತ್ತಾರೆ. ತೊಟ್ಟಿಯಲ್ಲಿ ಪೆಟ್ ಚೂರುಗಳು ಮುಳುಗುತ್ತವೆ, ಮುಚ್ಚಳದ ಚೂರುಗಳು ತೇಲುತ್ತವೆ. ಮುಚ್ಚಳದ್ದು ಬೇರೆಯೇ ಜಾತಿಯ ಪ್ಲಾಸ್ಟಿಕ್. ಕಡಲಿನಲ್ಲಿಯೂ ಹೀಗೆಯೇ: ನೀರು ತುಂಬಿದ ಬಾಟಲಿ ತಳ ಸೇರುತ್ತದೆ, ಮುಚ್ಚಳ ತೇಲುತ್ತಾ ದೂರ ಹೋಗುತ್ತದೆ. ಪೆಸಿಫಿಕ್ ಸಾಗರದ ನಡುವಿನ ಮಿಡ್‌ವೇ ದ್ವೀಪದಲ್ಲಿ ಸತ್ತ ಆಲ್ಬಟ್ರಾಸ್ ಮರಿಗಳ ಹೊಟ್ಟೆಯಲ್ಲಿ ಇಂಥ ಮುಚ್ಚಳಗಳು ಸಿಕ್ಕಿವೆ. ತಾಯಿಹಕ್ಕಿ ಅವನ್ನು ಆಹಾರವೆಂದು ಭ್ರಮಿಸಿ ಮರಿಗೆ ಉಣಿಸಿರುತ್ತದೆ. ಕಾರ್ಖಾನೆಯಲ್ಲಿ ತೊಳೆದ ಚೂರುಗಳನ್ನು ಸುಮಾರು 260 ಡಿಗ್ರಿ ಶಾಖದಲ್ಲಿ ಕರಗಿಸುತ್ತಾರೆ. ಪ್ರತಿ ಸಲ ಕರಗಿಸುವಾಗಲೂ ಅಣುಸರಪಳಿಗಳು ಒಂದಿಷ್ಟು ತುಂಡಾಗಿ ಕಸುವು ಕುಂದುತ್ತದೆ. ಆದುದರಿಂದ ಭಾರತದಲ್ಲಿ ಹಳೆಯ ಬಾಟಲಿಯ ಬಹುಪಾಲು ಮತ್ತೆ ಬಾಟಲಿಯಾಗಿಲ್ಲ, ನೂಲಾಗಿದೆ. ದಿಂಬಿಗೆ ತುಂಬುವ ಎಳೆಯಾಗಿ, ಜಮಖಾನವಾಗಿ, ಅಂಗಿಯಾಗಿ ಮಾರಾಟವಾಗುತ್ತದೆ. ಆಹಾರ ಸೋಂಕುವ ವಸ್ತುಗಳಲ್ಲಿ ಮರುಬಳಕೆಯ ಪ್ಲಾಸ್ಟಿಕ್ಕಿಗೆ 2022ರವರೆಗೆ ಕಾನೂನಿನ ಅನುಮತಿಯೇ ಇರಲಿಲ್ಲ. ಬಟ್ಟೆಗೆಂದು ಹುಟ್ಟಿದ ದ್ರವ್ಯ ಬಾಟಲಿಯಾಗಿ ಮತ್ತೆ ಬಟ್ಟೆಯಾಗುವುದು ವಿಚಿತ್ರವಾದ ಪರಿಭ್ರಮಣ. ಆದರೆ ಆ ಅಂಗಿ ಹರಿದಾಗ ಅದನ್ನು ಗುಜರಿಯವನೂ ಕೊಳ್ಳುವುದಿಲ್ಲ. ಒಗೆದಾಗಲೆಲ್ಲ ಅದರಿಂದ ಸೂಕ್ಷ್ಮ ಎಳೆಗಳು ಕಳಚಿ ಚರಂಡಿಯ ನೀರಿಗೆ ಸೇರುತ್ತವೆ. ಒಂದು ಬಾಟಲಿಗೆ ಒಂದು ಜನ್ಮ ಹೆಚ್ಚಾಯಿತೇ ಹೊರತು ಮುಕ್ತಿಯಾಗಲಿಲ್ಲ.

ಚಿಂದಿ ಆಯುವವರ ಕೈಗೂ ಸಿಗದ ಬಾಟಲಿ ಹಳ್ಳಿಗೆ ಹೋಗುತ್ತದೆ. ಬೆಂಗಳೂರಿನ ಕಸವನ್ನು ವರ್ಷಾನುಗಟ್ಟಲೆ ಹೊತ್ತ ಮಾವಳ್ಳಿಪುರ ಮತ್ತು ಮಂಡೂರು ಗ್ರಾಮಗಳ ಹೆಸರು ಓದುಗರಿಗೆ ಅಪರಿಚಿತವಲ್ಲ. ಮಂಡೂರಿನ ಜನ 2014ರಲ್ಲಿ ಲಾರಿಗಳನ್ನು ತಡೆದು ನಿಂತಾಗ, ಅವರ ಬಾವಿಗಳ ನೀರು ಕೆಟ್ಟಿತ್ತೆಂಬುದು ಅವರ ದೂರುಗಳಲ್ಲಿ ಮುಖ್ಯವಾಗಿತ್ತು. ನಗರದವನು ಶುದ್ಧವೆಂದು ಕೊಂಡು ಕುಡಿದ ನೀರಿನ ಪಾತ್ರೆಯೂ ಬೇರೆಲ್ಲ ಕಸದೊಡನೆ ಮತ್ತೊಬ್ಬನ ಬಾವಿಯ ಮಗ್ಗುಲಿಗೆ ಹೋಗಿ ಬಿದ್ದಿತ್ತು. ಜಲಗಾಲನದ ಮೂರನೆಯ ನಿಯಮಕ್ಕೆ ಇದಕ್ಕಿಂತ ಸಂಪೂರ್ಣವಾದ ವಿಪರೀತವನ್ನು ಊಹಿಸುವುದು ಕಷ್ಟ.

ಕಾನೂನು ನಿಧಾನವಾಗಿ ಬಂತು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕನ ಹೊಣೆಯನ್ನು ಹೆಸರಿಸಿ ಹೇಳಿದವು. 2022ರ ಫೆಬ್ರವರಿಯ ತಿದ್ದುಪಡಿ ಆ ಹೊಣೆಗೆ ಅಂಕಿಗಳನ್ನು ಕೊಟ್ಟಿತು: ಗಟ್ಟಿ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ 2025-26ರಿಂದ ನೂರಕ್ಕೆ 30ರಷ್ಟು ಮರುಬಳಕೆಯ ದ್ರವ್ಯ ಇರಬೇಕು, 2028-29ಕ್ಕೆ ಅದು 60ಕ್ಕೆ ಏರಬೇಕು ಎಂಬ ಗುರಿ. ಅದೇ ವರ್ಷದ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ದೇಶದಾದ್ಯಂತ ನಿಷೇಧಿಸಲಾಯಿತು. ತಟ್ಟೆ, ಲೋಟ, ಚಮಚ, ಕುಡಿಯುವ ಕೊಳವೆ, ಐಸ್‌ಕ್ರೀಮಿನ ಕಡ್ಡಿ, ಅಲಂಕಾರದ ಥರ್ಮೊಕೋಲ್ ಎಲ್ಲವೂ ಪಟ್ಟಿಯಲ್ಲಿದ್ದವು. ನೀರಿನ ಬಾಟಲಿ ಇರಲಿಲ್ಲ. ಪ್ಲಾಸ್ಟಿಕ್ ಲೋಟದಲ್ಲಿ ನೀರು ಕೊಡುವುದು ಅಪರಾಧವಾಗಿ, ಬಾಟಲಿಯಲ್ಲಿ ಕೊಡುವುದು ಸಮ್ಮತವಾಗಿ ಉಳಿಯಿತು. ಸಮಾರಂಭಗಳಲ್ಲಿ ಲೋಟದ ಜಾಗಕ್ಕೆ ಕಾಲು ಲೀಟರಿನ ಬಾಟಲಿ ಬಂದು ಕೂರುವುದಕ್ಕೆ ಇದೂ ಒಂದು ಅನುಕೂಲವಾಯಿತು.

ಬಾಟಲಿಯನ್ನೇ ನೇರವಾಗಿ ಎದುರಿಸಿದ ಊರುಗಳೂ ಉಂಟು. ಉತ್ತರ ಸಿಕ್ಕಿಮಿನ ಲಾಚೆನ್ ಎಂಬ ಗ್ರಾಮದವರು 2012ರಲ್ಲಿ, ಪ್ರವಾಸಿಗರೇ ಜೀವನಾಧಾರವಾಗಿದ್ದರೂ, ಪ್ಲಾಸ್ಟಿಕ್ ನೀರಿನ ಬಾಟಲಿಯನ್ನು ಊರೊಳಗೆ ಬಿಡುವುದಿಲ್ಲವೆಂದು ತೀರ್ಮಾನಿಸಿದರು. 2016ರಲ್ಲಿ ಸಿಕ್ಕಿಂ ಸರಕಾರ ತನ್ನ ಸಭೆ ಸಮಾರಂಭಗಳಿಂದ ಅದನ್ನು ಹೊರಗಿಟ್ಟಿತು. 2022ರ ಜನವರಿಯಿಂದ ರಾಜ್ಯಕ್ಕೆಲ್ಲ ನಿಷೇಧವನ್ನು ಘೋಷಿಸಿತು. ನಮ್ಮ ಗಡಿಗೆ ತಾಗಿರುವ ನೀಲಗಿರಿ ಜಿಲ್ಲೆಯಲ್ಲಿ 2019ರಿಂದ ಐದು ಲೀಟರಿಗಿಂತ ಚಿಕ್ಕ ನೀರಿನ ಬಾಟಲಿಗಳಿಗೆ ನಿಷೇಧವಿದೆ. ಊಟಿಗೆ ಹೋದವರು ರಸ್ತೆಬದಿಯ ಕುಡಿಯುವ ನೀರಿನ ಯಂತ್ರಗಳನ್ನು ಕಂಡಿರಬಹುದು. ಅದೇ ಜಿಲ್ಲೆಯಲ್ಲಿ 2022ರಲ್ಲಿ, ಮದ್ರಾಸ್ ಹೈಕೋರ್ಟಿನ ಒತ್ತಾಯದ ಮೇರೆಗೆ, ಸರಕಾರಿ ಮದ್ಯದಂಗಡಿಗಳು ಪ್ರತಿ ಬಾಟಲಿಗೆ ಹತ್ತು ರೂಪಾಯಿ ಹೆಚ್ಚಾಗಿ ಪಡೆದು, ಖಾಲಿ ಬಾಟಲಿ ತಂದಾಗ ಹಿಂದಿರುಗಿಸತೊಡಗಿದವು. ಕಾಡಿನ ಪ್ರಾಣಿಗಳ ಕಾಲಿಗೆ ಗಾಜು ಚುಚ್ಚುತ್ತಿದ್ದುದು ಅದಕ್ಕೆ ಕಾರಣ. ಬಾಟಲಿಗಳ ಬಹುಪಾಲು ಮರಳಿ ಬಂದಿತು. ಮದ್ಯಪಾನಿಯಿಂದ ಸಾಧ್ಯವಾದದ್ದು ನೀರು ಕುಡಿಯುವವನಿಂದ ಇನ್ನೂ ಸಾಧ್ಯವಾಗಿಲ್ಲ ಎಂಬುದು ನಗುವ ಮಾತೋ ನಾಚುವ ಮಾತೋ ಹೇಳುವುದು ಕಷ್ಟ. ಜರ್ಮನಿಯಲ್ಲಿ ನೀರಿನ ಬಾಟಲಿಗೂ ಸೇರಿ 25 ಸೆಂಟ್ ಮುಂಗಡದ ಪದ್ಧತಿ 2003ರಿಂದಲೇ ಇದೆ. ಅಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಬಾಟಲಿಗಳು ಮರಳುತ್ತವೆ.

ಬಾಟಲಿಯ ಹೊರಗಿನ ಪ್ರಶ್ನೆ ಹೀಗಿರುವಾಗ ಒಳಗಿನ ನೀರಿನ ಬಗೆಗೂ ಹೊಸ ತಿಳಿವಳಿಕೆ ಬಂದಿದೆ. 2024ರ ಜನವರಿಯಲ್ಲಿ ಅಮೆರಿಕೆಯ ಕೊಲಂಬಿಯ ವಿಶ್ವವಿದ್ಯಾಲಯದ ಸಂಶೋಧಕರು, ಅಲ್ಲಿಯ ಅಂಗಡಿಗಳಲ್ಲಿ ಮಾರುವ ಬಾಟಲಿ ನೀರಿನ ಪ್ರತಿ ಲೀಟರಿನಲ್ಲಿ ಸರಾಸರಿ ಎರಡು ಲಕ್ಷ ನಲವತ್ತು ಸಾವಿರ ಪ್ಲಾಸ್ಟಿಕ್ ಕಣಗಳನ್ನು ಎಣಿಸಿದರು. ಅವುಗಳಲ್ಲಿ ನೂರಕ್ಕೆ 90ರಷ್ಟು, ರೋಮದ ಅಗಲಕ್ಕಿಂತ ಎಷ್ಟೋ ಪಾಲು ಚಿಕ್ಕದಾದ ನ್ಯಾನೊ ಕಣಗಳು. ಶರೀರದಲ್ಲಿ ಅವು ಮಾಡುವ ಕೇಡು ಎಷ್ಟೆಂಬುದರ ಶೋಧನೆ ಇನ್ನೂ ನಡೆದಿದೆ. ಅವುಗಳಲ್ಲಿ ಬಾಟಲಿಯ ಪೆಟ್‌ಗಿಂತಲೂ ಹೆಚ್ಚಾಗಿ ಕಂಡದ್ದು ಪಾಲಿಅಮೈಡ್, ಒಂದು ಬಗೆಯ ನೈಲಾನ್. ಅದು ಬಹುಶಃ ನೀರನ್ನು ಶುದ್ಧಿ ಮಾಡಲು ಬಳಸಿದ ಶೋಧಕ ಪೊರೆಗಳಿಂದಲೇ ಉದುರಿದ್ದು ಎಂದು ಅವರು ಊಹಿಸಿದರು. ಸೋಸುವ ಸಾಧನವೇ ನೀರಿಗೆ ತನ್ನ ಧೂಳನ್ನು ಬೆರೆಸಿತ್ತು.

ಈ ಚರಿತ್ರೆ ಬಸದಿಯ ಅಂಗಳಕ್ಕೂ ಬಂದು ತಲುಪಿದೆ. ಪಂಚಕಲ್ಯಾಣ, ವಾರ್ಷಿಕ ರಥೋತ್ಸವ, ಮುನಿಸಂಘದ ಚಾತುರ್ಮಾಸ ಮುಂತಾದ ಸಂದರ್ಭಗಳಲ್ಲಿ ಮುನಿಗಳ ಆಹಾರಕ್ಕಾಗಿ ಬಾವಿಯಿಂದ ಸೇದಿದ ನೀರನ್ನು ಬಟ್ಟೆಯಲ್ಲಿ ಸೋಸಿ, ಕಾಯಿಸಿ, ಗಳಿಗೆ ನೋಡಿ ಬಳಸುತ್ತಾರೆ. ಅದೇ ಆವರಣದ ಚಪ್ಪರದ ಕೆಳಗೆ ಶ್ರಾವಕರ ಪಂಕ್ತಿಯಲ್ಲಿ, ತಿಂಗಳುಗಳ ಹಿಂದೆ ತುಂಬಿ ಮುಚ್ಚಿದ ಬಾಟಲಿ ಎಲೆಯ ತುದಿಯಲ್ಲಿ ನಿಂತಿರುತ್ತದೆ. ಅರ್ಧ ಕುಡಿದ ಬಾಟಲಿ ಯಾರದೆಂದು ತಿಳಿಯದೆ ಹೊಸದೊಂದನ್ನು ಒಡೆಯುವುದು ಎಲ್ಲ ಪಂಕ್ತಿಗಳಲ್ಲಿಯೂ ಕಾಣುವ ದೃಶ್ಯ. ಅಪ್ಕಾಯ ಜೀವಗಳ ಹಿಂಸೆಯನ್ನು ಆದಷ್ಟು ಮಿತಗೊಳಿಸಬೇಕೆಂಬ ದೃಷ್ಟಿಯಿಂದಲೂ ಇದು ಚಿಕ್ಕ ಸಂಗತಿಯಲ್ಲ. ಬಾಟಲಿ ತಯಾರಿಕೆಯನ್ನೂ ಸೇರಿಸಿದರೆ ಒಂದು ಲೀಟರ್ ಬಾಟಲಿ ನೀರಿಗೆ ಸುಮಾರು ಮೂರು ಲೀಟರ್ ನೀರು ವೆಚ್ಚವಾಗುತ್ತದೆಂದು ಅಮೆರಿಕೆಯ ಪೆಸಿಫಿಕ್ ಇನ್‌ಸ್ಟಿಟ್ಯೂಟ್ ಲೆಕ್ಕ ಹಾಕಿದೆ.

ಟ್ರಸ್ಟಿನ ಕಾರ್ಯದರ್ಶಿಗಳ ಕಷ್ಟವನ್ನೂ ಹೇಳಬೇಕು. ಹೊರಗಿನಿಂದ ಬಂದ ಅತಿಥಿ ಮುದ್ರೆಯೊಡೆಯದ ಬಾಟಲಿಯನ್ನೇ ಕೇಳುತ್ತಾನೆ. ನೀರಿನಿಂದ ಒಬ್ಬರ ಹೊಟ್ಟೆ ಕೆಟ್ಟರೂ ಅಪವಾದ ಸಮಿತಿಯ ತಲೆಗೆ. ಸ್ಟೀಲ್ ಲೋಟಗಳನ್ನು ಕೊಳ್ಳಲು ದಾನಿಗಳು ಸಿಗುತ್ತಾರೆ, ತೊಳೆಯಲು ಆಳು ಸಿಗುವುದಿಲ್ಲ. ಬಾಟಲಿಯನ್ನು ದಾನವಾಗಿ ಕೊಡುವವರು ತಾವಾಗಿಯೇ ಮುಂದೆ ಬರುತ್ತಾರೆ. ಹೆಸರು ಅಚ್ಚು ಹಾಕಿಸಿದ ಚೀಟಿ ಅಂಟಿಸಿ ತರುವವರೂ ಇದ್ದಾರೆ. ಬೇಡವೆಂದರೆ ದಾನಿಗೆ ನೋವು.

ಆದರೂ ಲೆಕ್ಕ ಕಠಿಣವಾದುದಲ್ಲ. ಸಾವಿರ ಜನರ ಊಟದಲ್ಲಿ ತಲೆಗೆ ಎರಡರಂತೆ ಕಾಲು ಲೀಟರಿನ ಬಾಟಲಿ ಕೊಟ್ಟರೆ ಎರಡು ಸಾವಿರ ಬಾಟಲಿ, ಎರಡು ಸಾವಿರ ಮುಚ್ಚಳ. ಒಳಗಿದ್ದ ನೀರು ಐನೂರು ಲೀಟರ್. ಅಷ್ಟೇ ನೀರು ಇಪ್ಪತ್ತು ಲೀಟರಿನ ಇಪ್ಪತ್ತೈದು ಕ್ಯಾನುಗಳಲ್ಲಿ ಹಿಡಿಯುತ್ತದೆ. ನಗರಗಳ ಮನೆಗಳಿಗೆ ಆ ಕ್ಯಾನನ್ನು ಹೊತ್ತು ತರುವ ಹುಡುಗ ಇಂದಿಗೂ ಖಾಲಿ ಕ್ಯಾನನ್ನು ಕೇಳಿ ಪಡೆದೇ ಹೋಗುತ್ತಾನೆ. ಮೊದಲ ದಿನ ಕೊಟ್ಟ ಮುಂಗಡ ಅಂಗಡಿಯವನ ಪುಸ್ತಕದಲ್ಲಿ ಇರುತ್ತದೆ, ಮನೆ ಬಿಡುವಾಗ ಮರಳುತ್ತದೆ. ಇಪ್ಪತ್ತೈದು ಕ್ಯಾನುಗಳೂ ಮರುದಿನ ಬೆಳಿಗ್ಗೆ ಎಣಿಸಿದಂತೆ ಹಿಂದೆ ಹೋಗುತ್ತವೆ. ಎರಡು ಸಾವಿರ ಬಾಟಲಿಗಳನ್ನು ಎಣಿಸುವವರು ಯಾರೂ ಇರುವುದಿಲ್ಲ. ಚಪ್ಪರ ಬಿಚ್ಚುವವರು ಅವನ್ನು ಗೋಣಿಚೀಲಗಳಿಗೆ ತುಂಬಿ, ಒಳಗೆ ಉಳಿದ ನೀರಿನೊಡನೆಯೇ, ಬಸದಿಯ ಹಿಂಬದಿಯ ಗೋಡೆಗೆ ಒರಗಿಸಿ ಇಡುತ್ತಾರೆ.